ಕಾಳುಮೆಣಸಿನಿಂದ ಪೈಪರಿನ್: ಹರಳು ತೆಗೆದು ಪರೀಕ್ಷಿಸುವ ನನ್ನ ಕ್ರಮ

ಕಾಳುಮೆಣಸಿನ ಖಾರಕ್ಕೆ ಮುಖ್ಯ ಕಾರಣ ಪೈಪರಿನ್. ಡೆನ್ಮಾರ್ಕ್‌ನ ವಿಜ್ಞಾನಿ ಓರ್ಸ್ಟೆಡ್ ಇದನ್ನು 1819ರಲ್ಲೇ ಬೇರ್ಪಡಿಸಿದ್ದ. ಒಣಕಾಳಿನ ತೂಕದಲ್ಲಿ ಸಾಮಾನ್ಯವಾಗಿ ಶೇ. 5ರಿಂದ 9ರಷ್ಟು ಇದೇ ಇರುತ್ತದೆ. ಸಸ್ಯದ ಸಕ್ರಿಯ ಸಂಯುಕ್ತವೊಂದನ್ನು ಶುದ್ಧ ಹರಳಾಗಿ ತೆಗೆಯುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ವಸ್ತು ಅಪರೂಪ.

ಪೈಪರಿನ್ ಆಲ್ಕಲಾಯ್ಡ್ (ಸಸ್ಯಗಳಲ್ಲಿ ಸಿಗುವ, ನೈಟ್ರೋಜನ್ ಇರುವ, ಸಾಮಾನ್ಯವಾಗಿ ಕ್ಷಾರಗುಣದ ಸಂಯುಕ್ತ) ಎಂದು ಕೇಳಿದವರು ಮೊದಲು ಯೋಚಿಸುವುದು ಆಮ್ಲದಲ್ಲಿ ಕರಗಿಸಿ, ಕ್ಷಾರ ಹಾಕಿ ಹೊರಗೆಳೆಯುವ ದಾರಿಯನ್ನು. ಕ್ವಿನೈನ್‌ಗೆ ಆ ದಾರಿ ಸರಿ, ಪೈಪರಿನ್‌ಗೆ ಅಲ್ಲ. ಇದರ ನೈಟ್ರೋಜನ್ ಅಮೈಡ್ ಬಂಧದೊಳಗೆ ಸೇರಿಕೊಂಡಿದೆ, ಹಾಗಾಗಿ ಕ್ಷಾರಗುಣ ಇಲ್ಲವೆನ್ನುವಷ್ಟು ಕಡಿಮೆ. ನೀರು ಸಹ ಪ್ರಯೋಜನವಿಲ್ಲ: ಲೀಟರಿಗೆ 40 ಮಿಲಿಗ್ರಾಂನಷ್ಟು ಮಾತ್ರ ಕರಗುತ್ತದೆ. ಎಥನಾಲ್ ಆದರೆ 15 ಮಿಲಿಲೀಟರಿನಲ್ಲಿ ಒಂದು ಗ್ರಾಂ ಕರಗಿಸುತ್ತದೆ.

20 ಗ್ರಾಂ ಕಾಳನ್ನು ಸಣ್ಣ ರವೆಯಷ್ಟು ದಪ್ಪಕ್ಕೆ ಪುಡಿ ಮಾಡುತ್ತೇನೆ. ಹಿಟ್ಟಿನಷ್ಟು ನುಣ್ಣಗಾದರೆ ಥಿಂಬಲ್‌ನೊಳಗೆ (ಪುಡಿ ತುಂಬುವ ಸೋಸುಕಾಗದದ ಕೊಳವೆ) ಅದು ಗಟ್ಟಿಯಾಗಿ ಕೂರುತ್ತದೆ. ದ್ರಾವಕ ಒಂದೇ ಕಡೆ ದಾರಿ ಮಾಡಿಕೊಂಡು ಇಳಿದು, ಉಳಿದ ಪುಡಿ ಹಾಗೇ ಉಳಿಯುತ್ತದೆ. ಆವಿಯಾಗಿ ತಣಿದ ದ್ರಾವಕವನ್ನು ಪುಡಿಯ ಮೇಲೆ ಮತ್ತೆ ಮತ್ತೆ ಹರಿಸುವ ಸಾಕ್ಸ್‌ಲೆಟ್ ಉಪಕರಣದ ತಳದ ಫ್ಲಾಸ್ಕಿಗೆ ಶೇ. 95ರ ಎಥನಾಲ್ 300 ಮಿಲಿಲೀಟರ್ ಮತ್ತು ಎರಡು ಮೂರು ಕುದಿಕಲ್ಲು ಹಾಕಿ, ಎರಡರಿಂದ ಮೂರು ಗಂಟೆ ನಡೆಸುತ್ತೇನೆ. ಸೈಫನ್ ಕೊಳವೆಯಲ್ಲಿ ಇಳಿಯುವ ದ್ರವ ಬಹುತೇಕ ಬಣ್ಣ ಕಳೆದುಕೊಂಡಾಗ ನಿಲ್ಲಿಸಬಹುದು. ಬಿಸಿ ಮಾಡಲು ಮ್ಯಾಂಟಲ್ ಅಥವಾ ನೀರಿನ ತೊಟ್ಟಿಯೇ ಬೇಕು. ಎಥನಾಲ್ ಆವಿಯ ಹತ್ತಿರ ತೆರೆದ ಉರಿ ಕೂಡದು.

ಸೋಸಿದ ದ್ರಾವಣವನ್ನು ರೋಟರಿ ಇವಾಪೊರೇಟರ್‌ನಲ್ಲಿ (ಫ್ಲಾಸ್ಕನ್ನು ತಿರುಗಿಸುತ್ತಾ ಕಡಿಮೆ ಒತ್ತಡದಲ್ಲಿ ದ್ರಾವಕ ಹಾರಿಸುವ ಯಂತ್ರ), ತೊಟ್ಟಿಯ ನೀರು 50ರಿಂದ 60 ಡಿಗ್ರಿ ಸೆಲ್ಸಿಯಸ್ ಇರುವಂತೆ, 10ರಿಂದ 15 ಮಿಲಿಲೀಟರಿಗೆ ಇಳಿಸಬೇಕು. ಆಗ ಉಳಿಯುವುದು ಕಡುಕಂದು ಬಣ್ಣದ ಅಂಟು ದ್ರವ. ಪೈಪರಿನ್ ಜೊತೆಗೆ ಎಣ್ಣೆ, ರಾಳ, ಫೀನಾಲುಗಳೆಲ್ಲ ಅದರಲ್ಲಿರುತ್ತವೆ. ಪೂರ್ತಿ ಒಣಗಿಸಿದರೆ ರಾಳ ಗಾಜಿಗೆ ಕಚ್ಚಿಕೊಂಡು ಮತ್ತೆ ಕರಗಿಸುವುದೇ ದೊಡ್ಡ ಕೆಲಸವಾಗುತ್ತದೆ.

ಮುಂದಿನದು ಕ್ಷಾರ. ಎರಡು ಗ್ರಾಂ ಪೊಟ್ಯಾಷಿಯಂ ಹೈಡ್ರಾಕ್ಸೈಡನ್ನು 20 ಮಿಲಿಲೀಟರ್ ಎಥನಾಲ್‌ನಲ್ಲಿ ಆಗಷ್ಟೇ ಕರಗಿಸಿ, ಸೋಸಿ, ಉಗುರುಬೆಚ್ಚಗಿರುವಾಗ ಸೇರಿಸುತ್ತೇನೆ. ಆಮ್ಲಗುಣದ ರಾಳ, ಫೀನಾಲುಗಳು ಪೊಟ್ಯಾಷಿಯಂ ಲವಣಗಳಾಗಿ ತಳ ಸೇರುತ್ತವೆ. ಪೈಪರಿನ್ ದ್ರಾವಣದಲ್ಲೇ ಉಳಿಯುತ್ತದೆ. ಹಳೆಯ ಆಲ್ಕೋಹಾಲಿಕ್ ಕ್ಷಾರ ತಾನೇ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಆ ಬಣ್ಣ ಹರಳಿಗೂ ಅಂಟುತ್ತದೆ. ಕ್ಷಾರ ಸೇರಿಸಿದ ಮೇಲೆ ಕುದಿಸುವುದು ಇನ್ನೂ ಕೆಟ್ಟದ್ದು: ಅಮೈಡ್ ಬಂಧ ಒಡೆದು ಪೈಪರಿನ್ ಪೈಪರಿಕ್ ಆಮ್ಲದ ಲವಣವೂ ಪೈಪರಿಡಿನ್ನೂ ಆಗುತ್ತದೆ. ಮೂಗಿಗೆ ಹೊಡೆಯುವ ಅಮೈನ್ ವಾಸನೆ ಬಂದರೆ ಇಳುವರಿ ಕರಗುತ್ತಿದೆ ಎಂದೇ ಅರ್ಥ. ಹತ್ತು ನಿಮಿಷ ಬಿಟ್ಟು, ತಳದ ಗಸಿಯನ್ನು ಬಿಟ್ಟು ಮೇಲಿನ ದ್ರವವನ್ನು ಬಗ್ಗಿಸಿಕೊಳ್ಳಿ.

ಇಡೀ ಕೆಲಸ ಗೆಲ್ಲುವುದೂ ಸೋಲುವುದೂ ನೀರು ಹಾಕುವಲ್ಲಿ. ದ್ರಾವಣವನ್ನು ಸ್ವಲ್ಪ ಬೆಚ್ಚಗಿಟ್ಟು, ಕಲಕುತ್ತಾ, ಹನಿಹನಿಯಾಗಿ ನೀರು ಬಿಡಬೇಕು. ಒಮ್ಮೆ ಕಾಣಿಸಿದ ಮಸುಕು ಕಲಕಿದರೂ ಹೋಗದೆ ನಿಂತಾಗ ನೀರು ಸಾಕು. ಒಟ್ಟಿಗೆ ಸುರಿದರೆ ಪೈಪರಿನ್ ಹರಳಾಗುವ ಬದಲು ಹಳದಿ ಎಣ್ಣೆಯಾಗಿ ಬೇರ್ಪಡುತ್ತದೆ, ಕಲ್ಮಶವನ್ನೆಲ್ಲ ತನ್ನೊಳಗೆ ಎಳೆದುಕೊಳ್ಳುತ್ತದೆ. ಎಣ್ಣೆ ಕಂಡರೆ ಬೆಚ್ಚಗಿನ ಎಥನಾಲ್ ಕೊಂಚ ಸೇರಿಸಿ ಮತ್ತೆ ತಿಳಿಯಾಗಿಸಿ, ನಿಧಾನಕ್ಕೆ ಮರಳಿ ಶುರು ಮಾಡಿ. ಫ್ಲಾಸ್ಕಿನ ಒಳಗೋಡೆಯನ್ನು ಗಾಜಿನ ಕಡ್ಡಿಯಿಂದ ಕೆರೆದರೆ ಅಥವಾ ಹಿಂದಿನ ಹರಳಿನ ಚೂರೊಂದನ್ನು ಬಿತ್ತಿದರೆ ಹರಳುಗಟ್ಟುವಿಕೆ ಬೇಗ ಶುರುವಾಗುತ್ತದೆ. ರಾತ್ರಿಯಿಡೀ ಕತ್ತಲಲ್ಲಿ ಅಲುಗಾಡಿಸದೆ ಇಡಿ. ಬೆಳಗ್ಗೆ ಸಿಗುವ ಹಳದಿ ಸೂಜಿಗಳನ್ನು ಸೋಸಿ, ತಣ್ಣೀರಿನಲ್ಲಿ ತೊಳೆಯಿರಿ. ಬಳಿಕ ಅಸಿಟೋನ್ ಮತ್ತು ಹೆಕ್ಸೇನ್ 3:2 ಮಿಶ್ರಣದಲ್ಲಿ ಮತ್ತೊಮ್ಮೆ ಹರಳುಗಟ್ಟಿಸಿದರೆ ಬಣ್ಣ ತಿಳಿಯಾಗುತ್ತದೆ. 20 ಗ್ರಾಂಗೆ ಅರ್ಧ ಗ್ರಾಂನಿಂದ ಮುಕ್ಕಾಲು ಗ್ರಾಂ ಬಂದರೆ ಒಳ್ಳೆಯ ಇಳುವರಿ. ಒಂದೂವರೆ ಗ್ರಾಂ ಬಂತೆಂದರೆ ಸಂತೋಷಪಡುವ ಮೊದಲು ಒದ್ದೆಯಾಗಿದೆಯೇ, ರಾಳ ಸೇರಿದೆಯೇ ನೋಡಿ.

ಕರಗುವ ಬಿಂದು 128–130 ಡಿಗ್ರಿ ಇರಬೇಕು. 120ರಿಂದಲೇ ಮೆತ್ತಗಾಗತೊಡಗಿದರೆ ಶುದ್ಧಿ ಸಾಲದು. ಟಿಎಲ್‌ಸಿಗೆ (ತೆಳುಪದರದ ಮೇಲೆ ಸಂಯುಕ್ತಗಳನ್ನು ಚುಕ್ಕೆಗಳಾಗಿ ಬೇರ್ಪಡಿಸುವ ಕ್ರಮ) ಸಿಲಿಕಾ ತಟ್ಟೆ, ಟೊಲುಯೀನ್ ಮತ್ತು ಈಥೈಲ್ ಅಸಿಟೇಟ್ 7:3 ಸಾಕು. ಪಕ್ಕದಲ್ಲಿ ಪ್ರಮಾಣಿತ ಪೈಪರಿನ್ ಓಡಿಸದೆ ಯಾವ ಚುಕ್ಕೆಯನ್ನೂ ನಂಬಬೇಡಿ. ಪ್ರಮಾಣ ತಿಳಿಯಲು ಎಥನಾಲ್‌ನಲ್ಲಿ ಮಿಲಿಲೀಟರಿಗೆ 1ರಿಂದ 5 ಮೈಕ್ರೋಗ್ರಾಂ ದ್ರಾವಣಗಳನ್ನು ಮಾಡಿ, ಅವು ಬೆಳಕು ಹೀರುವ ಪ್ರಮಾಣವನ್ನು ಸ್ಪೆಕ್ಟ್ರೋಫೋಟೋಮೀಟರಿನಲ್ಲಿ 343 ನ್ಯಾನೋಮೀಟರಿಗೆ ಓದುತ್ತೇನೆ. 3 ಮೈಕ್ರೋಗ್ರಾಂಗೆ ಹೀರಿಕೆ ಸುಮಾರು 0.37 ಇರುತ್ತದೆ. ಸೋಸಿದ ಕಚ್ಚಾ ಸಾರವನ್ನೇ ಹೀಗೆ ಓದಿದರೆ ಸಂಖ್ಯೆ ಹೆಚ್ಚು ತೋರಬಹುದು, ಏಕೆಂದರೆ ಪೈಪರೆಟಿನ್ ಥರದ ಸೋದರ ಸಂಯುಕ್ತಗಳೂ ಆ ಆಸುಪಾಸಿನಲ್ಲೇ ಬೆಳಕು ಹೀರುತ್ತವೆ. ಅಲ್ಲಿ ಸಂಯುಕ್ತಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರ ಬೇಕೇ ಬೇಕು.

ಬೆಳಕು ಈ ಅಣುವಿನ ಶತ್ರು. ತೆಳು ದ್ರಾವಣವನ್ನು ಬಿಳಿ ಗಾಜಿನಲ್ಲಿ ಕಿಟಕಿ ಪಕ್ಕ ಇಟ್ಟರೆ ಪೈಪರಿನ್ ಐಸೊಪೈಪರಿನ್, ಚಾವಿಸಿನ್ ಮುಂತಾದ ಐಸೋಮರ್‌ಗಳಾಗುತ್ತದೆ (ಅವೇ ಪರಮಾಣುಗಳು, ಜೋಡಣೆ ಬೇರೆ). ಅಳತೆ ಇಳಿಯುತ್ತಾ ಹೋಗುತ್ತದೆ, ಯಂತ್ರ ಕೆಟ್ಟಿದೆ ಅನ್ನಿಸುತ್ತದೆ. ಕಂದು ಗಾಜು, ಅಲ್ಯೂಮಿನಿಯಂ ಹಾಳೆ, ಅಂದಂದೇ ಮಾಡಿಕೊಂಡ ದ್ರಾವಣ – ಇವು ಮೂರನ್ನೂ ಬಿಡುವಂತಿಲ್ಲ.

ಗುಣಪರೀಕ್ಷೆಯಲ್ಲಿ ನನ್ನ ಒತ್ತಾಯ ಒಂದೇ: ಕಚ್ಚಾ ಸಾರ, ಶುದ್ಧ ಹರಳು, ಹರಳು ತೆಗೆದ ಮೇಲೆ ಉಳಿದ ದ್ರವ, ಮೂರನ್ನೂ ಒಟ್ಟಿಗೆ ಪರೀಕ್ಷಿಸಿ. ಉತ್ಕರ್ಷಣ ತಡೆಯುವ ಗುಣವನ್ನು ನೇರಳೆ ಕಾರಕವೊಂದರ ಬಣ್ಣ ಇಳಿಯುವುದರಿಂದ ಅಳೆಯುವ ಡಿಪಿಪಿಎಚ್ ಪರೀಕ್ಷೆಯಲ್ಲಿ (0.1 ಮಿಲಿಮೋಲಾರ್, ಕತ್ತಲಲ್ಲಿ 30 ನಿಮಿಷ, 517 ನ್ಯಾನೋಮೀಟರ್) ಕಚ್ಚಾ ಸಾರ ಚೆನ್ನಾಗಿ ಬಣ್ಣ ಕಳೆಯುತ್ತದೆ, ಶುದ್ಧ ಪೈಪರಿನ್ ಅಷ್ಟಾಗಿ ಇಲ್ಲ. ಪೈಪರಿನ್‌ನಲ್ಲಿ ಮುಕ್ತ ಫೀನಾಲ್ ಗುಂಪೇ ಇಲ್ಲ. ಆ ಕೆಲಸ ಮಾಡಿದ್ದು ಜೊತೆಗಿದ್ದ ಫೀನಾಲುಗಳು. ಕಚ್ಚಾ ಸಾರದ ಗುಣವನ್ನು ಪೈಪರಿನ್ ಹೆಸರಿಗೆ ಬರೆದರೆ ಅದು ತಪ್ಪು ವಿಜ್ಞಾನ.

ಜೀವಕೋಶಗಳ ಮೇಲೆ ಪರೀಕ್ಷಿಸುವಾಗ ಪೈಪರಿನನ್ನು ಡಿಎಂಎಸ್‌ಒ (ಡೈಮಿಥೈಲ್ ಸಲ್ಫಾಕ್ಸೈಡ್) ದ್ರಾವಕದಲ್ಲಿ ಕರಗಿಸಿ, ಆ ದ್ರಾವಕದ ಅಂತಿಮ ಪ್ರಮಾಣ ಶೇ. 0.5 ಮೀರದಂತೆ ನೋಡಿಕೊಳ್ಳಿ. ಡಿಎಂಎಸ್‌ಒ ಮಾತ್ರ ಹಾಕಿದ ಹೋಲಿಕೆಯ ಬಾವಿಗಳೂ (ಕೋಶಗಳನ್ನು ಬೆಳೆಸುವ ತಟ್ಟೆಯ ಗುಳಿಗಳು) ಇರಲಿ. ಪೈಪರಿನ್ ನೀರಿನಲ್ಲಿ ಕರಗುವ ಮಿತಿ ಸುಮಾರು 140 ಮೈಕ್ರೋಮೋಲಾರ್ ಮಾತ್ರ. ಅದಕ್ಕೆ ಹತ್ತಿರವಾದ ಅಥವಾ ಮೀರಿದ ಪ್ರಮಾಣ ಬಳಸಿದಾಗ ಪ್ರತಿ ಬಾವಿಯನ್ನೂ ಸೂಕ್ಷ್ಮದರ್ಶಕದಡಿ ನೋಡಿ. ಅಲ್ಲಿ ಸೂಜಿಗಳು ಕಂಡರೆ ನೀವು ಬರೆದುಕೊಂಡ ಪ್ರಮಾಣ ಕೋಶಗಳಿಗೆ ತಲುಪಿಲ್ಲ. ಆ ಬಿಂದುವನ್ನು ಲೆಕ್ಕದಿಂದ ಕೈಬಿಡಿ.