ಟೆಕ್ಸಸ್‌ನಲ್ಲಿ ಮೊದಲ್ನೇ ಸಲ ಮಿಡ್‌ಟರ್ಮ್ ವೋಟ್ ಹಾಕೋರಿಗೆ: ಕ್ಯೂಲಿ ನಿಂತು ಕಲ್ತಿದ್ದು

ನವೆಂಬರ್ 8, 2022, ಬೆಳಗ್ಗೆ ಆರೂವರೆ. ಹ್ಯೂಸ್ಟನ್ ಪಕ್ಕದ ಒಂದು ಲೈಬ್ರರಿ ಮುಂದೆ ಕ್ಯೂಲಿ ನಿಂತಿದೀನಿ, ಕೈಲಿ ಕಾಫಿ ಫ್ಲಾಸ್ಕು, ಎದೇಲಿ ಢವಢವ, ಅಷ್ಟ್ರಲ್ಲಿ ಮೈಸೂರಿಂದ ಅಮ್ಮನ ಫೋನು. ಅವತ್ತು ಚಂದ್ರಗ್ರಹಣ, ಇಲ್ಲಿ ಬೆಳಗಿನ ಜಾವ ಅಲ್ಲಿ ಸಂಜೆ, ಎರಡೂ ಕಡೆ ಒಂದೇ ಗ್ರಹಣ. "ಮೋಕ್ಷಕ್ಕೆ ಇನ್ನೂ ಇಪ್ಪತ್ತು ನಿಮಿಷ ಇದೆ ಕಣೋ, ಸ್ನಾನನೂ ಮಾಡ್ದೆ ಓಟ್ ಹಾಕಕ್ಕೆ ಹೋಗಿದೀಯಾ?" ಅಂತ ಬೈಗುಳ. ಬಾಗಿಲು ತೆಗ್ಯೋದೇ ಏಳಕ್ಕಮ್ಮ, ಅಷ್ಟೊತ್ತಿಗೆ ಮೋಕ್ಷ ಆಗಿರತ್ತೆ ಅಂತ ಸಮಾಧಾನ ಮಾಡ್ದೆ. ನಿಜ ಹೇಳ್ಬೇಕಂದ್ರೆ ನಂಗೆ ಗ್ರಹಣದ ಭಯ ಇರ್ಲಿಲ್ಲ, ಭಯ ಇದ್ದಿದ್ದು ನನ್ನ ಹೆಸರಿಂದು. ಅದನ್ನ ಮುಂದೆ ಹೇಳ್ತೀನಿ.

ಈ ವರ್ಷ ನವೆಂಬರ್ 3, 2026 ಮಂಗಳವಾರ ಮತ್ತೆ ಮಿಡ್‌ಟರ್ಮ್, ನಮ್ಮ ಗುಂಪಲ್ಲೇ ನಾಲ್ಕೈದು ಜನ ಹೊಸದಾಗಿ ಸಿಟಿಜನ್ ಆಗಿದಾರೆ, ದಿನಾ ಒಬ್ರಾದ್ರೂ ಫೋನ್ ಮಾಡಿ ಕೇಳ್ತಾರೆ, ಅದಕ್ಕೆ ಒಂದೇ ಸಲ ಬರೆದಿಡ್ತಿದೀನಿ. ಇದು ಟೆಕ್ಸಸ್ ಕಥೆ. ಇಲ್ಲಿ ನಮ್ಮೂರ ತರ ಇಡೀ ದೇಶಕ್ಕೆ ಒಂದೇ ಚುನಾವಣಾ ಆಯೋಗ ಅಂತ ಇಲ್ಲ, ಒಂದೊಂದು ಸ್ಟೇಟಿಗೂ ಒಂದೊಂದು ರೂಲ್ಸು, ನಡೆಸೋದು ಕೌಂಟಿಯೋರು (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ತರ). ಆರೆಗಾನ್, ವಾಷಿಂಗ್ಟನ್ ಕಡೆ ಎಲ್ಲರಿಗೂ ಮನೆಗೇ ಬ್ಯಾಲಟ್ ಬರತ್ತೆ, ಅಲ್ಲಿರೋರು ಇದನ್ನ ನಂಬ್ಕೊಂಡು ಕ್ಯೂ ಹುಡುಕ್ಕೊಂಡು ಹೊರಡ್ಬೇಡಿ.

ಮಿಡ್‌ಟರ್ಮ್ ಅಂದ್ರೆ ಪ್ರೆಸಿಡೆಂಟ್ ಎಲೆಕ್ಷನ್ ಅಲ್ಲ, ಅವರ ನಾಲ್ಕು ವರ್ಷದ ಮಧ್ಯದಲ್ಲಿ ಬರೋದು. ಅಮೆರಿಕನ್ ಕಾಂಗ್ರೆಸ್, ಅಂದ್ರೆ ಇಲ್ಲಿನ ಪಾರ್ಲಿಮೆಂಟಿನ ಕೆಳಮನೆ ಹೌಸ್‌ನ 435 ಸೀಟೂ, ಮೇಲ್ಮನೆ ಸೆನೆಟ್‌ನಲ್ಲಿ ಮೂರನೇ ಒಂದು ಭಾಗದಷ್ಟು. ಟೆಕ್ಸಸ್‌ನಲ್ಲಿ ಈ ಸಲ ಸೆನೆಟ್ ಸೀಟು, ಗವರ್ನರ್ ಎರಡೂ ಇದೆ. ರಜ ಗಿಜ ಏನೂ ಇಲ್ಲ. 1845ರಲ್ಲಿ ಮಾಡಿದ ಕಾನೂನು, ಭಾನುವಾರ ಚರ್ಚು, ಬುಧವಾರ ಸಂತೆ, ರೈತರು ಗಾಡಿ ಕಟ್ಕೊಂಡು ಬರಕ್ಕೆ ಒಂದಿನ ಬೇಕು ಅಂತ ಮಂಗಳವಾರ ಇಟ್ರಂತೆ, ಗಾಡಿ ಹೋಯ್ತು ಸಂತೆ ಹೋಯ್ತು ಮಂಗಳವಾರ ಮಾತ್ರ ಹಾಗೇ ಇದೆ. ಆಫೀಸ್ ಚಿಂತೆ ಇದ್ರೆ ಒಂದು ವಿಷ್ಯ ಗೊತ್ತಿರ್ಲಿ: ಪೋಲಿಂಗ್ ಟೈಮಲ್ಲಿ ನಿಮ್ಮ ಕೆಲಸದ ಹೊತ್ತು ಬಿಟ್ಟು ಸತತ ಎರಡು ಗಂಟೆ ಸಿಗಲ್ಲ ಅಂದ್ರೆ, ಸಂಬಳ ಕಟ್ ಮಾಡ್ದೆ ಬಿಡ್ಬೇಕು ಅಂತ ಟೆಕ್ಸಸ್ ಕಾನೂನೇ ಇದೆ. ಮ್ಯಾನೇಜರ್ ಹತ್ರ ಹಲ್ಲು ಗಿಂಜೋ ಅಗತ್ಯ ಇಲ್ಲ.

ಮುಂದೆ ಹೋಗೋಕ್ ಮುಂಚೆ ಒಂದು ಮಾತು, ದಯವಿಟ್ಟು ಸೀರಿಯಸ್ಸಾಗಿ ತಗೊಳಿ. ಎಚ್‌ಒನ್‌ಬಿ ಕೆಲಸದ ವೀಸಾ, ಗ್ರೀನ್ ಕಾರ್ಡ್ ಇರೋರು ವೋಟ್ ಹಾಕೋ ಹಾಗಿಲ್ಲ, ರಿಜಿಸ್ಟರ್ ಮಾಡ್ಸೋ ಹಾಗೂ ಇಲ್ಲ. ಡ್ರೈವಿಂಗ್ ಲೈಸೆನ್ಸ್ ಫಾರಮ್ಮಲ್ಲಿ ವೋಟರ್ ರಿಜಿಸ್ಟ್ರೇಷನ್ ಬೇಕಾ ಅಂತ ಒಂದು ಪ್ರಶ್ನೆ ಇರತ್ತೆ, ಕೌಂಟರಲ್ಲಿ ಬಾಯಲ್ಲೂ ಕೇಳ್ತಾರೆ, ಗಡಿಬಿಡೀಲಿ "ಯೆಸ್ ಯೆಸ್" ಅಂದ್ಬಿಟ್ರೆ ಕಥೆ ಮುಗೀತು. ಸಿಟಿಜನ್ ಅಂತ ಸುಳ್ಳು ಹೇಳಿದ ಹಾಗಾಗತ್ತೆ, ಗ್ರೀನ್ ಕಾರ್ಡ್ ಹೋಗಿ ಗಡೀಪಾರಾಗೋ ತನಕ ಹೋಗ್ಬಹುದು. ಹತ್ತು ಹದಿನೈದು ವರ್ಷ ಕಾದಿರೋದು ಒಂದು ಟಿಕ್‌ಗೆ ಹಾಳಾಗ್ಬಾರ್ದು.

ಸಿಟಿಜನ್ ಆಗಿದ್ರೆ ಮೊದಲ ಕೆಲಸ ರಿಜಿಸ್ಟ್ರೇಷನ್, ಕಡೇ ದಿನ ಅಕ್ಟೋಬರ್ 5. ಇಷ್ಟೆಲ್ಲಾ ಟೆಕ್ನಾಲಜಿ ಇರೋ ರಾಜ್ಯದಲ್ಲಿ ಆನ್‌ಲೈನ್ ರಿಜಿಸ್ಟ್ರೇಷನ್ ಇಲ್ಲ, ಲೈಸೆನ್ಸ್ ರಿನ್ಯೂ ಮಾಡುವಾಗ ಬಿಟ್ರೆ. ಫಾರಂ ಪ್ರಿಂಟ್ ಹಾಕಿ, ಪೆನ್ನಲ್ಲಿ ಸೈನ್ ಮಾಡಿ, ಪೋಸ್ಟ್ ಮಾಡ್ಬೇಕು. ವೆಬ್‌ಸೈಟಲ್ಲಿ ತುಂಬಿದ್ಮೇಲೆ "ಆಯ್ತು" ಅನ್ಕೊಂಡು ಸುಮ್ನಿದ್ದೋರು ನಂಗೇ ಇಬ್ರು ಗೊತ್ತು, ಅದು ಬರೀ ಫಾರಂ ತುಂಬ್ಕೊಟ್ಟಿದ್ದಷ್ಟೇ. ಸಿಟಿಜನ್ ಆಗೋ ದಿನದ ಓತ್ (ಪ್ರಮಾಣವಚನ) ಸಮಾರಂಭದಲ್ಲೇ ವಾಲಂಟಿಯರ್‌ಗಳು ಫಾರಂ ಹಿಡ್ಕೊಂಡು ನಿಂತಿರ್ತಾರೆ ಸಾಮಾನ್ಯವಾಗಿ, ಫೋಟೋ ತೆಗೆಸ್ಕೊಳೋ ಸಂಭ್ರಮದಲ್ಲಿ ಅವರನ್ನ ದಾಟ್ಕೊಂಡು ಹೋಗ್ಬೇಡಿ. ಪಾರ್ಟಿ ಯಾವ್ದು ಅಂತ ಯಾರೂ ಕೇಳಲ್ಲ, ಟೆಕ್ಸಸ್‌ನಲ್ಲಿ ಪಾರ್ಟಿ ಹಿಡಿದು ರಿಜಿಸ್ಟ್ರೇಷನ್ ಇಲ್ಲ. ಪಾರ್ಟಿಯೋರು ತಮ್ಮ ಕ್ಯಾಂಡಿಡೇಟ್ ಆರಿಸೋ ಚುನಾವಣೆ ಪ್ರೈಮರಿ, ಮಾರ್ಚಲ್ಲಿ ಯಾವ ಪಾರ್ಟಿ ಪ್ರೈಮರೀಲಿ ವೋಟ್ ಹಾಕಿದ್ರೂ ನವೆಂಬರಲ್ಲಿ ಯಾರಿಗೆ ಬೇಕಾದ್ರೂ ಹಾಕ್ಬಹುದು.

ರಿಜಿಸ್ಟರ್ ಆದ್ಮೇಲೂ ಹೊಸ ಸಿಟಿಜನ್‌ಗಳಿಗೆ ಒಂದು ಅಳುಕು ಇದ್ದೇ ಇರತ್ತೆ, "ನಮ್ಮ ಹೆಸರು ಕಿತ್ತಾಕ್ಬಿಡ್ತಾರಾ" ಅಂತ. ಸುಮ್ಮನೆ ಹುಟ್ಟಿದ ಭಯ ಅಲ್ಲ ಅದು. 2019ರ ಜನವರೀಲಿ ರಾಜ್ಯದ ಚುನಾವಣೆ ನೋಡ್ಕೊಳೋ ಟೆಕ್ಸಸ್ ಸೆಕ್ರೆಟರಿ ಆಫ್ ಸ್ಟೇಟ್ ಆಫೀಸು ಸುಮಾರು 95,000 ವೋಟರ್‌ಗಳು ಸಿಟಿಜನ್ ಅಲ್ದೇ ಇರ್ಬಹುದು ಅಂತ ಪಟ್ಟಿ ಕಳಿಸ್ತು, ನೋಡಿದ್ರೆ ಅದ್ರಲ್ಲಿ ಸಾವಿರಾರು ಜನ ಗ್ರೀನ್ ಕಾರ್ಡ್ ಇದ್ದಾಗ ಲೈಸೆನ್ಸ್ ಮಾಡ್ಸಿ ಆಮೇಲೆ ಸಿಟಿಜನ್ ಆದೋರು, ಹಳೇ ಲೈಸೆನ್ಸ್ ರೆಕಾರ್ಡ್ ನೋಡ್ಕೊಂಡು ಹಿಡಿದಿದ್ರು. ಕೇಸ್ ಆಯ್ತು, ಏಪ್ರಿಲ್‌ನಲ್ಲಿ ರಾಜಿ ಮಾಡ್ಕೊಂಡು ಪಟ್ಟಿ ವಾಪಸ್ ತಗೊಂಡ್ರು, ಮೇ ತಿಂಗಳಲ್ಲಿ ಆ ಸೆಕ್ರೆಟರಿ ರಾಜೀನಾಮೆನೂ ಕೊಟ್ರು. ಇದ್ರಿಂದ ನಾನು ಕಲ್ತಿದ್ದು ಎರಡು: ಸಿಟಿಜನ್ ಆದ ತಕ್ಷಣ ಲೈಸೆನ್ಸ್ ಆಫೀಸಿಗೆ ಹೋಗಿ ರೆಕಾರ್ಡ್ ಅಪ್‌ಡೇಟ್ ಮಾಡ್ಸೋದು, ಮತ್ತೆ ಕೌಂಟಿಯಿಂದ ಯಾವ್ದೇ ಕವರ್ ಬಂದ್ರೂ ಜಂಕ್ ಮೇಲ್ ಅಂತ ಎಸೀದೆ ಒಡೆದು ನೋಡೋದು, ಯಾಕಂದ್ರೆ ಪ್ರೂಫ್ ಕೊಡಿ ಅಂತ ಕೇಳಿದ್ರೆ 30 ದಿನದ ಗಡುವು ಇರತ್ತೆ.

ಈಗ ಹೆಸರಿನ ಕಥೆ. ನಾನು ಕೆ.ಆರ್. ಇನಿಷಿಯಲ್ಲಿನವನು. ಕೆ ಅಂದ್ರೆ ಕಡೂರು, ಆರ್ ಅಂದ್ರೆ ಅಪ್ಪ. ಪಾಸ್‌ಪೋರ್ಟ್ ಮಾಡ್ಸುವಾಗ ಬಿಡಿಸಿ ಬರೀರಿ ಅಂದ್ರು, ಬಿಡಿಸಿದ್ದಕ್ಕೆ ಕಡೂರು ನನ್ನ ಲಾಸ್ಟ್ ನೇಮ್ ಆಗೋಯ್ತು, ಇಲ್ಲಿ ಎಲ್ಲರಿಗೂ ನಾನು ಮಿಸ್ಟರ್ ಕಡೂರ್, ಒಂದೂರನ್ನೇ ಹೊತ್ಕೊಂಡು ಓಡಾಡ್ತಿದೀನಿ. ಲೈಸೆನ್ಸಲ್ಲಿ ಅಪ್ಪನ ಹೆಸರು ಪೂರ್ತಿ ಇದೆ, ವೋಟರ್ ಕಾರ್ಡಲ್ಲಿ ಬರೀ ಆರ್. ಟೇಬಲ್ ಹಿಂದೆ ಕೂತಿದ್ದ ವಯಸ್ಸಾದ ಅಮ್ಮ ಕನ್ನಡಕ ಮೂಗಿನ ತುದಿಗೆ ಇಳಿಸಿ ಲೈಸೆನ್ಸ್ ಒಂದ್ಸಲ ಸ್ಕ್ರೀನ್ ಒಂದ್ಸಲ ನೋಡ್ತಾ ಇದ್ರೆ ನನ್ನ ಅಂಗೈ ಒದ್ದೆ. ಆಮೇಲೆ ಸ್ಕ್ರೀನ್ ನನ್ನ ಕಡೆ ತಿರುಗಿಸಿ, ಇಲ್ಲೊಂದು ಇನಿಷಿಯಲ್ ಹಾಕಿ ಸಾಕು ಅಂದ್ರು. ಅಷ್ಟೇ! ಹೆಸರು ಅಕ್ಷರಕ್ಕಕ್ಷರ ಒಂದೇ ಇರ್ಬೇಕಂತಿಲ್ಲ, ಹೆಚ್ಚುಕಮ್ಮಿ ಒಂದೇ ತರ ಇದ್ರೆ ಇಬ್ರೂ ಒಬ್ರೇ ಅಂತ ಸೈನ್ ಮಾಡಿಸ್ಕೊಂಡು ಮಾಮೂಲಿ ಬ್ಯಾಲಟ್ಟೇ ಕೊಡ್ತಾರೆ. ಎರಡು ರಾತ್ರಿ ನಿದ್ದೆ ಕೆಟ್ಟಿದ್ದು ದಂಡ.

ಐಡಿ ವಿಷ್ಯ ಸುಲಭ. ಏಳು ತರದ ಫೋಟೋ ಐಡಿ ನಡೆಯತ್ತೆ, ನಮ್ಮಂಥೋರಿಗೆ ಬೇಕಾಗೋದು ಟೆಕ್ಸಸ್ ಲೈಸೆನ್ಸ್, ಅಮೆರಿಕನ್ ಪಾಸ್‌ಪೋರ್ಟ್, ಇಲ್ಲಾ ಫೋಟೋ ಇರೋ ಸಿಟಿಜನ್‌ಶಿಪ್ ಸರ್ಟಿಫಿಕೇಟ್. ಗನ್ ಲೈಸೆನ್ಸ್ ನಡೆಯತ್ತೆ, ಕಾಲೇಜ್ ಐಡಿ ನಡೆಯಲ್ಲ, ಮಕ್ಕಳಿಗೆ ಮೊದಲೇ ಹೇಳಿಡಿ. ಇಂಡಿಯಾ ಸರ್ಕಾರ ಕೊಡೋ ಒಸಿಐ ಕಾರ್ಡ್ ತಗೊಂಡು ಹೋಗಿ ನಗೆಪಾಟಲಾಗ್ಬೇಡಿ. ಐಡೀಲಿರೋ ಅಡ್ರೆಸ್ ಹಳೇದಾಗಿದ್ರೂ ಪರ್ವಾಗಿಲ್ಲ, ಅದು ಮ್ಯಾಚ್ ಆಗ್ಬೇಕಂತಿಲ್ಲ. 70 ವರ್ಷದ ಒಳಗಿನೋರಿಗೆ ಎಕ್ಸ್‌ಪೈರ್ ಆಗಿ ನಾಲ್ಕು ವರ್ಷ ದಾಟಿರ್ಬಾರ್ದು, 70 ದಾಟಿದೋರಿಗೆ ಎಷ್ಟು ಹಳೇದಾದ್ರೂ ನಡೆಯತ್ತೆ.

ಎಲ್ಲರೂ ಉದಾಸೀನ ಮಾಡೋದು ಬ್ಯಾಲಟ್ ವಿಷ್ಯದಲ್ಲಿ, ನಾನು ಸೋತಿದ್ದೂ ಇಲ್ಲೇ. ನಮ್ಮೂರಲ್ಲಿ ಒಂದು ಗುಂಡಿ ಒತ್ತಿ ಬೀಪ್ ಅಂದ್ರೆ ಮುಗೀತು. ಇಲ್ಲಿ ಗವರ್ನರ್ ಆಯ್ತು, ಕಾಂಗ್ರೆಸ್ ಆಯ್ತು, ಆಮೇಲೆ ಬರ್ತಾನೇ ಇರತ್ತೆ: ಅಟಾರ್ನಿ ಜನರಲ್, ಕಂಟ್ರೋಲರ್, ಅಗ್ರಿಕಲ್ಚರ್ ಕಮಿಷನರ್, ಆಮೇಲೆ ಜಡ್ಜುಗಳು, ಜಡ್ಜುಗಳು, ಇನ್ನೂ ಜಡ್ಜುಗಳು. ದೊಡ್ಡ ಕೌಂಟಿಗಳಲ್ಲಂತೂ ಪುಟ ತಿರುಗಿಸಿದಷ್ಟೂ ಮುಗಿಯಲ್ಲ. ಹೆಸರು ನೋಡಿ ಮೋಸ ಹೋಗೋದೂ ಇದೆ. ರೈಲ್‌ರೋಡ್ ಕಮಿಷನರ್ ಅಂತ ಬಂತು, ಆಹಾ ಹ್ಯೂಸ್ಟನ್-ಡಲ್ಲಾಸ್ ರೈಲು ಬಿಡಿಸೋ ಪುಣ್ಯಾತ್ಮ ಯಾರೋ ನೋಡೋಣ ಅಂತ ಖುಷಿಯಾದೆ, ಅವರಿಗೂ ರೈಲಿಗೂ ಸಂಬಂಧವೇ ಇಲ್ವಂತೆ, ನೋಡ್ಕೊಳೋದು ಎಣ್ಣೆ ಬಾವಿ, ಗ್ಯಾಸು, ಪೈಪ್‌ಲೈನು! ಅದೇ ತರ ಕೌಂಟಿ ಜಡ್ಜ್ ಅಂದ್ರೆ ಮುಖ್ಯವಾಗಿ ಕೌಂಟಿ ಆಡಳಿತದ ಮುಖ್ಯಸ್ಥರು, ನಿಮ್ಮ ಏರಿಯಾ ರೋಡು, ಪ್ರವಾಹ ಬಂದ್ರೆ ಏನ್ಮಾಡೋದು ಇದೆಲ್ಲಾ ಅವರ ಕೈಲಿ. ಒಂದು ಪಾರ್ಟಿಗೆ ಒಂದೇ ಒತ್ತಲ್ಲಿ ಎಲ್ಲಾ ಹಾಕೋ ಬಟನ್ 2020ರಿಂದ ತೆಗೆದಾಕಿದಾರೆ, ಒಂದೊಂದಾಗೇ ಹೋಗ್ಬೇಕು.

ಮೊಬೈಲಲ್ಲಿ ನೋಡ್ಕೊಂಡು ಹಾಕೋಣ ಅಂದ್ರೆ ಬೂತ್‌ನಿಂದ 100 ಅಡಿ ಒಳಗೆ ಫೋನ್ ಬಳಸೋ ಹಾಗಿಲ್ಲ. ನಾನು ಲಿಸ್ಟೆಲ್ಲಾ ಫೋನಲ್ಲಿ ಟೈಪ್ ಮಾಡಿಟ್ಕೊಂಡು ಹೋಗಿದ್ದೆ, ಆಫ್ ಮಾಡಿ ಅಂದ್ರು, ಜಡ್ಜುಗಳೆಲ್ಲಾ ಖಾಲಿ ಬಿಟ್ಬಂದೆ. ಪೇಪರಲ್ಲಿ ಬರ್ಕೊಂಡು ಹೋಗಿ, ಕಾಗದಕ್ಕೆ ಅಡ್ಡಿ ಇಲ್ಲ. ಅದಕ್ಕೆ ಒಂದು ವಾರ ಮುಂಚೆ ಕೌಂಟಿ ಸೈಟಿಂದ ನಿಮ್ಮ ಸ್ಯಾಂಪಲ್ ಬ್ಯಾಲಟ್ ಇಳಿಸ್ಕೊಂಡು ಊಟ ಆದ್ಮೇಲೆ ಗಂಡ ಹೆಂಡ್ತಿ ಕೂತು ಗುರುತು ಹಾಕ್ಕೊಳಿ, ಜಗಳ ಆದ್ರೆ ಬೇರೆ ಬೇರೆ ಕಾಪಿ. ಈ ಸಲ ಇದು ಇನ್ನೂ ಮುಖ್ಯ, ಯಾಕಂದ್ರೆ 2025ರಲ್ಲಿ ಟೆಕ್ಸಸ್‌ನೋರು ಕಾಂಗ್ರೆಸ್ ಮ್ಯಾಪನ್ನೇ ಹೊಸದಾಗಿ ಗೀಚಿದಾರೆ, ನೀವು ಮನೆ ಬದಲಾಯಿಸ್ದೇ ಇದ್ರೂ ನಿಮ್ಮ ಕ್ಷೇತ್ರ ಬದಲಾಗಿರ್ಬಹುದು. ಗೊತ್ತಿಲ್ಲದ ಜಾಗ ಖಾಲಿ ಬಿಟ್ರೆ ಉಳಿದ ವೋಟ್ ಹಾಳಾಗಲ್ಲ, ಅದೊಂದು ಧೈರ್ಯ ಇರ್ಲಿ.

ಆವತ್ತಿನ ದಿನ ಬಾಗಿಲು ಬೆಳಗ್ಗೆ 7ರಿಂದ ಸಂಜೆ 7. ಏಳು ಗಂಟೆಗೆ ಕ್ಯೂಲಿ ಇದ್ರೆ ಸಾಕು, ಒಂಬತ್ತಾದ್ರೂ ವೋಟ್ ಹಾಕಿಸ್ಲೇಬೇಕು, ಯಾರಾದ್ರೂ "ಟೈಮ್ ಆಯ್ತು" ಅಂದ್ರೆ ಜಗ್ಗಬೇಡಿ. ಕ್ಯಾಂಡಿಡೇಟ್ ಹೆಸರಿರೋ ಟೀ ಶರ್ಟು ಟೋಪಿ ಹಾಕ್ಕೊಂಡು ಹೋಗ್ಬೇಡಿ. ಮಕ್ಕಳನ್ನ ಕರ್ಕೊಂಡು ಹೋಗ್ಬಹುದು. ನಮ್ಮ ಕೌಂಟೀಲಿ ಮೆಷಿನ್‌ನಲ್ಲಿ ಆರಿಸಿದ್ಮೇಲೆ ಕಾಗದ ಪ್ರಿಂಟ್ ಆಗಿ ಬರತ್ತೆ, ಅದನ್ನ ಓದಿ, ಆಮೇಲೆ ಬಾಗಿಲ ಹತ್ರ ಇರೋ ಸ್ಕ್ಯಾನರ್‌ಗೆ ಹಾಕ್ಬೇಕು, ಅದು ನುಂಗಿದ್ಮೇಲೇ ವೋಟ್ ಹಾಕಿದ ಹಾಗೆ. ನನ್ನ ಮುಂದಿದ್ದೋರು ಕಾಗದ ರಸೀತಿ ಅನ್ಕೊಂಡು ಮಡಚಿ ಜೇಬಿಗೆ ಹಾಕ್ಕೊಂಡು ಹೊರಟಿದ್ರು, ಓಡಿ ಹೋಗಿ ಕರ್ಕೊಂಡ್ಬಂದ್ರು. ಬೆರಳಿಗೆ ಮೈಸೂರು ಶಾಯಿ ಇಲ್ಲ, ಒಂದು ಪುಟಾಣಿ ಸ್ಟಿಕ್ಕರ್ ಕೊಡ್ತಾರೆ. ವಿಡಿಯೋ ಕಾಲಲ್ಲಿ ತೋರಿಸಿದ್ರೆ ಅಮ್ಮ, "ಇದೇನೋ ಸೇಬಿನ ಮೇಲೆ ಅಂಟ್ಸಿರೋ ಚೀಟಿ ತರ ಇದೆ" ಅಂದ್ರು.

ಹೆಸರೇ ಸಿಗ್ತಿಲ್ಲ ಅಂದ್ರೆ? ಮೊದಲು ನೀವು ನಿಂತಿರೋದು ನಿಮ್ಮ ಕೌಂಟಿ ಬೂತಲ್ಲೇನಾ ಅಂತ ನೋಡಿ, ಕೆಲವು ಕೌಂಟೀಲಿ ಎಲ್ಲಿ ಬೇಕಾದ್ರೂ ಹಾಕ್ಬಹುದು, ಕೆಲವು ಕಡೆ ನಿಮ್ಮ ಪ್ರಿಸಿಂಕ್ಟಲ್ಲೇ, ಅಂದ್ರೆ ನಿಮ್ಮ ಏರಿಯಾಗೆ ಗೊತ್ತುಮಾಡಿರೋ ಬೂತಲ್ಲೇ ಹಾಕ್ಬೇಕು. ಅಪಾರ್ಟ್‌ಮೆಂಟ್ ಬದಲಾಯಿಸಿ ಕಾರ್ಡ್ ವಾಪಸ್ ಹೋಗಿದ್ರೆ ನಿಮ್ಮನ್ನ ಸಸ್ಪೆನ್ಸ್ ಲಿಸ್ಟಿಗೆ ಹಾಕಿರ್ತಾರೆ, ಹೆಸರು ಕೇಳಿ ಹೆದರ್ಬೇಡಿ, ಒಂದು ಅಡ್ರೆಸ್ ಫಾರಂ ತುಂಬಿದ್ರೆ ವೋಟ್ ಹಾಕ್ಬಹುದು. ಅದೂ ಆಗ್ಲಿಲ್ಲ ಅಂದ್ರೆ "ಪ್ರೊವಿಷನಲ್ ಬ್ಯಾಲಟ್ ಕೊಡಿ" ಅಂತ ಈ ಪದಗಳಲ್ಲೇ ಕೇಳಿ, ಅದು ಪ್ರತ್ಯೇಕ ಇಟ್ಟು ಆಮೇಲೆ ಪರಿಶೀಲಿಸಿ ಎಣಿಸೋ ತಾತ್ಕಾಲಿಕ ವೋಟು. 2000ದ ಪ್ರೆಸಿಡೆಂಟ್ ಎಲೆಕ್ಷನಲ್ಲಿ ಫ್ಲೋರಿಡಾ ಎಣಿಕೆ ರಂಪ ಆದ್ಮೇಲೆ 2002ರಲ್ಲಿ ಬಂದ ಫೆಡರಲ್ ಕಾನೂನು, ಇಲ್ಲ ಅನ್ನೋ ಹಾಗಿಲ್ಲ. ನಮ್ಮೋರ ತೊಂದ್ರೆ ಏನಂದ್ರೆ ಆಫೀಸರ್ ತಲೆ ಅಲ್ಲಾಡಿಸಿದ್ರೆ "ಸಾರಿ ಸಾರಿ" ಅಂತ ನಾವೇ ಹಿಂದಕ್ಕೆ ಬರೋದು. ಬರ್ಬೇಡಿ. ಐಡಿ ಮರೆತು ಪ್ರೊವಿಷನಲ್ ಹಾಕಿದ್ರೆ ಆರು ದಿನದೊಳಗೆ ಕೌಂಟಿ ರಿಜಿಸ್ಟ್ರಾರ್ ಹತ್ರ ಹೋಗಿ ಐಡಿ ತೋರಿಸ್ಬೇಕು, ಇಲ್ಲಾಂದ್ರೆ ಅದು ಎಣಿಕೆಗೆ ಬರಲ್ಲ.

ಸಿಟಿಜನ್ ಆಗಿರೋ ಅಪ್ಪ ಅಮ್ಮ ಜೊತೇಲಿದ್ರೆ ಅವರನ್ನ ಬಿಟ್ಟು ಹೋಗ್ಬೇಡಿ. ಹ್ಯೂಸ್ಟನ್ ಇರೋ ಹ್ಯಾರಿಸ್ ಕೌಂಟೀಲಿ ಬ್ಯಾಲಟ್ ಇಂಗ್ಲಿಷ್, ಸ್ಪ್ಯಾನಿಷ್, ವಿಯೆಟ್ನಾಮೀಸ್, ಚೈನೀಸ್ ನಾಲ್ಕು ಭಾಷೇಲಿ ಇರತ್ತೆ, ಕನ್ನಡ ಎಲ್ಲೂ ಇಲ್ಲ. ಆದ್ರೆ ಇಂಗ್ಲಿಷ್ ಓದಕ್ಕೆ ಬರದೇ ಇರೋರು ತಮಗೆ ಬೇಕಾದೋರನ್ನ ಜೊತೇಲಿ ಕರ್ಕೊಂಡು ಹೋಗ್ಬಹುದು, ಕೆಲಸ ಕೊಟ್ಟಿರೋರು, ಯೂನಿಯನ್ನೋರು ಮಾತ್ರ ಆಗಲ್ಲ. ಸಹಾಯಕ್ಕೆ ಹೋದ ನೀವು ಒಂದು ಪ್ರಮಾಣ ಹೇಳಿ ಸೈನ್ ಮಾಡ್ಬೇಕು, ಓದಿ ಹೇಳ್ಬೇಕು, ಯಾರಿಗೆ ಹಾಕಿ ಅಂತ ಮಾತ್ರ ಹೇಳ್ಬಾರ್ದು, ಅಪ್ಪನೇ ಆದ್ರೂ. ಮಂಡಿ ನೋವು, ಇಳಿಯಕ್ಕಾಗಲ್ಲ ಅಂದ್ರೆ ಬ್ಯಾಲಟ್ ಕಾರಿನ ಹತ್ರಾನೇ ತಂದ್ಕೊಡ್ತಾರೆ. 65 ದಾಟಿದ್ರೆ ಪೋಸ್ಟಲ್ಲೂ ಹಾಕ್ಬಹುದು, ಅರ್ಜಿ ಅಕ್ಟೋಬರ್ 23ರೊಳಗೆ ತಲುಪಿರ್ಬೇಕು. ಕವರ್ ಫ್ಲಾಪ್ ಕೆಳಗೆ ಲೈಸೆನ್ಸ್ ನಂಬರ್ ಇಲ್ಲಾ ಸೋಶಿಯಲ್ ಸೆಕ್ಯುರಿಟಿಯ ಕೊನೇ ನಾಲ್ಕು ಅಂಕಿ ಬರಿಯೋ ಜಾಗ ಇರತ್ತೆ, ಎರಡೂ ಬರೆದುಬಿಡಿ. ಆ ರೂಲ್ಸ್ ಹೊಸದಾಗಿ ಬಂದಾಗ 2022ರ ಮಾರ್ಚ್ ಪ್ರೈಮರೀಲಿ ಪೋಸ್ಟಲ್ಲಿ ಬಂದ ವೋಟಲ್ಲಿ ನೂರಕ್ಕೆ 12 ರಿಜೆಕ್ಟ್ ಆಗಿತ್ತು.

ಕೊನೇದಾಗಿ, ಇಷ್ಟೆಲ್ಲಾ ಪಾಡು ಮಂಗಳವಾರಕ್ಕೇ ಯಾಕೆ ಇಟ್ಕೋಬೇಕು, ಅರ್ಲಿ ವೋಟಿಂಗ್ ಅಕ್ಟೋಬರ್ 19ರಿಂದ 30ರವರೆಗೆ ಇದೆ, ಏನಾದ್ರೂ ಎಡವಟ್ಟಾದ್ರೆ ಸರಿ ಮಾಡ್ಕೊಳಕ್ಕೆ ದಿನ ಇರತ್ತೆ. ಮೊದಲೆರಡು ದಿನ ಮನೇಲಿ ದಸರಾ ಗಲಾಟೆ ನಂಗೆ, ಗೊಂಬೆ ಎಲ್ಲಾ ಪೆಟ್ಟಿಗೆಗೆ ಸೇರಿಸಿ ಆ ವಾರದ ಕೊನೇಲಿ ಹೋಗ್ತೀನಿ, ಈ ಸಲ ಜಡ್ಜುಗಳ ಲಿಸ್ಟು ಪೇಪರಲ್ಲೇ.