ಕೈ ಕಟ್ಟಿ ನಿಲ್ಲುವುದೂ ನರ್ಸ್ ಕೆಲಸವೇ

ಬಿಎಸ್ಸಿ ನರ್ಸಿಂಗ್ ಮುಗಿಸಿ ಐಸಿಯುನಲ್ಲಿದ್ದವಳು ನಾನು. ರಿಹ್ಯಾಬ್ ವಾರ್ಡಿಗೆ, ಅಂದರೆ ಕಾಯಿಲೆ ಅಥವಾ ಪೆಟ್ಟಿನ ನಂತರ ಮತ್ತೆ ತಮ್ಮ ಕೆಲಸ ತಾವೇ ಮಾಡಿಕೊಳ್ಳಲು ಕಲಿಸುವ ವಾರ್ಡಿಗೆ ಹಾಕಿದಾಗ ಜೊತೆಯವರೆಲ್ಲ "ಆರಾಮ್ ಡ್ಯೂಟಿ ಬಿಡು" ಅಂದರು. ಆರಾಮ್ ಎಲ್ಲಿಂದ ಬಂತು! ಇಲ್ಲಿಗೆ ಬರುವವರು ಸ್ಟ್ರೋಕ್ ಆದವರು, ಬೈಕ್ ಆಕ್ಸಿಡೆಂಟ್ ಆದವರು, ಅಡಿಕೆ ಮರದಿಂದಲೋ ತೆಂಗಿನ ಮರದಿಂದಲೋ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡವರು.

ಮೊದಲ ಪಾಠ ಚರ್ಮದ್ದು. ಸ್ಪರ್ಶವೇ ಗೊತ್ತಾಗದವರಿಗೆ ಹಾಸಿಗೆ ಹುಣ್ಣಾದರೂ ನೋವಾಗುವುದಿಲ್ಲ, ಅದಕ್ಕೇ ಸಾಮಾನ್ಯವಾಗಿ 2 ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತೇವೆ. ಸೊಂಟದ ಕೆಳಗೆ, ಹಿಮ್ಮಡಿಯ ಹತ್ತಿರ ಕೆಂಪಾದ ಜಾಗವನ್ನು ಬೆರಳಿಂದ ಒತ್ತಿ ಬಿಡಬೇಕು. ಬೆಳ್ಳಗಾಗದೆ ಕೆಂಪಾಗಿಯೇ ಉಳಿದರೆ ಹುಣ್ಣು ಶುರುವಾಗಿದೆ ಅಂತ. ನಮ್ಮವರ ಕಪ್ಪು ಮೈಯಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ. ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಅಂತ ಮುಟ್ಟಿಯೇ ನೋಡಬೇಕು.

ಕಷ್ಟದ್ದು ಮೂತ್ರದ ವಿಷಯ. ಬೆನ್ನುಹುರಿಗೆ ಪೆಟ್ಟಾದ ಎಷ್ಟೋ ಜನರಿಗೆ ಮೂತ್ರ ತಾನಾಗಿ ಹೋಗುವುದಿಲ್ಲ. ಕೈ ಚೆನ್ನಾಗಿರುವವರಿಗೆ 4ರಿಂದ 6 ಗಂಟೆಗೊಮ್ಮೆ ತಾವೇ ಟ್ಯೂಬ್ ಹಾಕಿ ಮೂತ್ರ ತೆಗೆದು, ಟ್ಯೂಬ್ ಹೊರತೆಗೆಯುವುದನ್ನು ಕಲಿಸುತ್ತೇವೆ. ಮರದಿಂದ ಬಿದ್ದ ಹುಡುಗನೊಬ್ಬ ನಾಚಿಕೆಗೆ ಗೋಡೆ ಕಡೆ ಮುಖ ಮಾಡಿಕೊಂಡಿದ್ದ. ಅವನಮ್ಮ "ಸಿಸ್ಟರ್, ನೀವೇ ಹಾಕಿಬಿಡಿ, ಪಾಪ" ಅಂತ ಗೋಗರೆಯುತ್ತಿದ್ದರು. ನಾನು ಹಾಕಿದರೆ ಎರಡು ನಿಮಿಷದ ಕೆಲಸ. ಆದರೆ ಊರಿಗೆ ಹೋದ ಮೇಲೆ ಯಾರು ಹಾಕುತ್ತಾರೆ? ಕೈ ಕಟ್ಟಿ ನಿಂತು ಬಾಯಲ್ಲಷ್ಟೇ ಹೇಳುತ್ತಿದ್ದೆ, ಅವನು ಸೋಪು ಹಾಕಿ ಕೈ ತೊಳೆದು ತಡವರಿಸುತ್ತಾ ಮಾಡುತ್ತಿದ್ದ. ಈ ಸಿಸ್ಟರ್ ಸೋಮಾರಿ ಅಂತ ಪಕ್ಕದ ಬೆಡ್‌ನವರು ಮಾತಾಡಿಕೊಂಡದ್ದೂ ಕೇಳಿಸಿದೆ. ಕೇಳಿಸಲಿ ಬಿಡಿ. ಡಿಸ್ಚಾರ್ಜ್ ಹೊತ್ತಿಗೆ ಅವನು ಹೊಸದಾಗಿ ಬಂದವನಿಗೆ ಹೇಳಿಕೊಡುತ್ತಿದ್ದ!

ಇನ್ನೊಂದು ಮಾತು, ಇದು ಜೀವದ ಪ್ರಶ್ನೆ. ಬೆನ್ನುಹುರಿಯ ಮೇಲ್ಭಾಗಕ್ಕೆ, ಅಂದರೆ ಎದೆಯ ಮಟ್ಟಕ್ಕೋ ಅದಕ್ಕಿಂತ ಮೇಲೋ ಪೆಟ್ಟಾದವರು ಇದ್ದಕ್ಕಿದ್ದಂತೆ ತಲೆ ಸಿಡಿಯುತ್ತಿದೆ ಅಂದು ಬೆವರಿದರೆ ಬಿಪಿ ಏರಿರಬಹುದು. ಮೊದಲು ಎಬ್ಬಿಸಿ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಮೂತ್ರದ ಟ್ಯೂಬ್ ಇದ್ದರೆ ಮಡಚಿದೆಯಾ ನೋಡಿ, ಹಾಗೇ ಡಾಕ್ಟರನ್ನು ಕರೆಸಿ. ಎಷ್ಟೋ ಸಲ ಮೂತ್ರ ಕಟ್ಟಿಕೊಂಡದ್ದೇ ಕಾರಣ.

ಸಂಬಳ? ನನಗಂತೂ ಐಸಿಯುಗಿಂತ ಜಾಸ್ತಿ ಆಗಲಿಲ್ಲ. ಅಮೆರಿಕದಲ್ಲಿ ಈ ಕೆಲಸಕ್ಕೇ ಸಿಆರ್‌ಆರ್‌ಎನ್ (ಸರ್ಟಿಫೈಡ್ ರಿಹ್ಯಾಬಿಲಿಟೇಶನ್ ರಿಜಿಸ್ಟರ್ಡ್ ನರ್ಸ್) ಅನ್ನೋ ಪರೀಕ್ಷೆ ಇದೆ. ಅದಕ್ಕೆ ಅಲ್ಲಿನ ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಲೈಸೆನ್ಸೂ ಬೇಕು, ರಿಹ್ಯಾಬ್ ಅನುಭವವೂ ಬೇಕು. ನನಗೆ ಸಿಕ್ಕ ಲಾಭ ಬೇರೆ. ಐಸಿಯುನಲ್ಲಿ ಕಣ್ಣು ಬಿಟ್ಟವರು ವಾರ್ಡಿಗೆ ಹೋಗಿಬಿಡುತ್ತಾರೆ, ಆಮೇಲೆ ಏನಾದರು ಅಂತ ಗೊತ್ತೇ ಆಗುವುದಿಲ್ಲ ಅಲ್ವಾ? ಇಲ್ಲಿ ಅವರು ತಾವೇ ಶರ್ಟ್ ಗುಂಡಿ ಹಾಕಿಕೊಳ್ಳುವವರೆಗೂ ಜೊತೆಗಿರುತ್ತೇನೆ.

ಸೇರುವವರು ಮೊದಲು ಫಿಸಿಯೋ ಹತ್ತಿರ ಹಾಸಿಗೆಯಿಂದ ವೀಲ್‌ಚೇರ್‌ಗೆ ದಾಟಿಸುವುದನ್ನು ಸರಿಯಾಗಿ ಕಲಿತುಕೊಳ್ಳಿ. ಸುಮ್ನೆ ಎತ್ತಲು ಹೋದರೆ ನಿಮ್ಮ ಸೊಂಟವೇ ಹೋಗುತ್ತದೆ.