ಬಿಪಿ ಮಾತ್ರೆಗೆ ವೈದ್ಯರು: ನಾನು ನೋಡಿದ್ದು ಎರಡನೇ ಭೇಟಿಯನ್ನು

ಬಿಪಿ ಮಾತ್ರೆ ಬರೆಸಿಕೊಳ್ಳಲು ಒಂದು ಭೇಟಿ ಸಾಕು. ಬರೆದ ಮಾತ್ರೆ ಕೆಲಸ ಮಾಡುತ್ತಿದೆಯೇ, ಪ್ರಮಾಣ ಹೆಚ್ಚಿಸಬೇಕೇ, ಮೂತ್ರಪಿಂಡಕ್ಕೆ ಅದು ಒಗ್ಗಿದೆಯೇ ಎಂದು ತಿಳಿಯಲು ವಾರಗಳು, ತಿಂಗಳುಗಳು ಬೇಕು. ಹಾಗಾಗಿ ವೈದ್ಯರನ್ನು ಹುಡುಕುವಾಗ ನಾನು ಕೇಳುವ ಮೊದಲ ಪ್ರಶ್ನೆ, ನಾಲ್ಕು ವಾರದ ನಂತರ ಇದೇ ವೈದ್ಯರು ಮತ್ತೆ ಸಿಗುತ್ತಾರೆಯೇ ಎಂಬುದು. ಹೆಸರಾಂತ ತಜ್ಞರ ಮುಂದಿನ ದಿನಾಂಕ ನಾಲ್ಕು ತಿಂಗಳಾಚೆ ಇದ್ದರೆ, ಬಿಪಿಯ ಮಟ್ಟಿಗೆ ಅವರು ಇಲ್ಲದ ಹಾಗೆಯೇ.

ಹೋಗುವ ಮೊದಲು ಏಳು ದಿನದ ಅಳತೆ ಕೈಯಲ್ಲಿರಬೇಕು. ಕ್ಲಿನಿಕ್ಕಿನಲ್ಲಿ ಒಮ್ಮೆ ಮೇಲಿನ ಅಂಕ 150 ಬಂದರೆ ಅದು ನಿಜವಾದ ಬಿಪಿಯೋ ವೈದ್ಯರ ಬಿಳಿ ಕೋಟು ಕಂಡ ಗಾಬರಿಯೋ ಹೇಳುವುದು ಕಷ್ಟ. ದಾಖಲೆ ಇಲ್ಲದಿದ್ದರೆ ಒಂದೋ ಬೇಡದ ಮಾತ್ರೆ ಶುರುವಾಗುತ್ತದೆ, ಇಲ್ಲವೇ 'ಒಂದು ವಾರ ಅಳೆದುಕೊಂಡು ಬನ್ನಿ' ಎಂದು ವಾಪಸು ಕಳಿಸುತ್ತಾರೆ. ಹಾಗೆ ಕಳಿಸುವವರೇ ಒಳ್ಳೆಯ ವೈದ್ಯರು, ನಿಜ. ಆದರೆ ಆ ವಾರವನ್ನು ಮೊದಲೇ ಮುಗಿಸಿಕೊಂಡು ಹೋಗಬಹುದಲ್ಲ.

ಯಂತ್ರ ತೋಳಿಗೆ ಕಟ್ಟುವಂಥದ್ದೇ ಇರಲಿ, ಮಣಿಕಟ್ಟಿನದ್ದು ಬೇಡ. ಕೊಳ್ಳುವ ಮೊದಲು ತೋಳಿನ ನಡುಭಾಗದ ಸುತ್ತಳತೆಯನ್ನು ಟೇಪಿನಿಂದ ಅಳೆದು, ಯಂತ್ರದ ಜತೆ ಬರುವ, ತೋಳಿಗೆ ಸುತ್ತುವ ಪಟ್ಟಿಯ ಮೇಲೆ ಅಚ್ಚಾದ ಸಂಖ್ಯೆಯೊಂದಿಗೆ ಹೋಲಿಸಬೇಕು. ಸಾಮಾನ್ಯ ಪಟ್ಟಿ ಹೆಚ್ಚಾಗಿ 22ರಿಂದ 32 ಸೆಂ.ಮೀ. ತೋಳಿಗೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ಕಾಣಿಸುತ್ತದೆ. ನನ್ನ ಲೆಕ್ಕದಲ್ಲಿ ಮನೆಯ ಅಳತೆ ಹಾಳಾಗುವುದಕ್ಕೆ ಮುಖ್ಯ ಕಾರಣವೇ ಇದು.

ಅಳೆಯುವ ಅರ್ಧ ಗಂಟೆ ಮೊದಲಿನಿಂದ ಕಾಫಿ, ಸಿಗರೇಟು, ವ್ಯಾಯಾಮ ಬೇಡ. ಮೂತ್ರ ಮಾಡಿ ಬಂದು, ಬೆನ್ನಿಗೆ ಒರಗಿ, ಪಾದ ನೆಲಕ್ಕೆ ಊರಿ, ಕಾಲ ಮೇಲೆ ಕಾಲು ಹಾಕದೆ ಐದು ನಿಮಿಷ ಸುಮ್ಮನೆ ಕೂರಬೇಕು. ತೋಳು ಮೇಜಿನ ಮೇಲೆ, ಎದೆಯ ಮಟ್ಟದಲ್ಲಿ ಇರಬೇಕು. ಅದು ಎದೆಗಿಂತ 10 ಸೆಂ.ಮೀ. ಕೆಳಗಿದ್ದರೆ ರಕ್ತದ ಭಾರವೇ ಅಳತೆಗೆ 7–8 ಅಂಕ ಸೇರಿಸುತ್ತದೆ. ನಡುವೆ ಮಾತಾಡಿದರೂ ಏರುತ್ತದೆ. ಮೊದಲ ದಿನ ಎರಡೂ ತೋಳಲ್ಲಿ ನೋಡಿ, ಹೆಚ್ಚು ಬಂದ ತೋಳನ್ನೇ ಮುಂದೆ ಬಳಸುವುದು. ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ನಡುವೆ ಒಂದು ನಿಮಿಷದ ಬಿಡುವು. ಮೊದಲ ದಿನದ್ದನ್ನು ಬಿಟ್ಟರೆ 24 ಅಳತೆ ಉಳಿಯುತ್ತವೆ, ಅವುಗಳ ಸರಾಸರಿ ಬೇಕು. ಚೆನ್ನಾಗಿ ಬಂದವನ್ನು ಮಾತ್ರ ಆರಿಸಿ ಬರೆಯುವ ಚಪಲ ಎಲ್ಲರಿಗೂ ಇರುತ್ತದೆ. ಯಂತ್ರದ ಮೆಮೊರಿಯನ್ನೇ ತೋರಿಸಿದರೆ ಆ ತೊಂದರೆ ಇಲ್ಲ.

ಮನೆಯಲ್ಲಿ 135/85 ಸರಾಸರಿ ಎಂದರೆ ಸುಮಾರಾಗಿ ಕ್ಲಿನಿಕ್ಕಿನ 140/90, ಅಂದರೆ ಹಲವರು 'ಬಿಪಿ ಇದೆ' ಎನ್ನುವ ಗೆರೆ. ಅಮೆರಿಕದ 2017ರ ಮಾರ್ಗಸೂಚಿ ಗೆರೆಯನ್ನು 130/80ಕ್ಕೇ ಇಳಿಸಿತು. ಒಬ್ಬ ವೈದ್ಯರು 'ಬಿಪಿ ಇದೆ' ಎಂದು, ಇನ್ನೊಬ್ಬರು 'ಇನ್ನೂ ಮಾತ್ರೆ ಬೇಡ' ಎಂದರೆ ಅವರಲ್ಲೊಬ್ಬರು ತಪ್ಪು ಎಂದಾಗಬೇಕಿಲ್ಲ.

ಅಳತೆ 180/120 ದಾಟಿ, ಜತೆಗೆ ಎದೆನೋವು, ಉಸಿರುಗಟ್ಟುವಿಕೆ, ಮಾತು ತೊದಲುವುದು, ಒಂದು ಪಕ್ಕ ಸೋಲುವುದು, ಕಣ್ಣು ಮಂಜಾಗುವುದು ಇದ್ದರೆ ಈ ಹುಡುಕಾಟವೆಲ್ಲ ಬದಿಗಿಟ್ಟು ನೇರ ತುರ್ತು ವಿಭಾಗಕ್ಕೆ. ಲಕ್ಷಣ ಏನೂ ಇಲ್ಲದಿದ್ದರೆ ಐದು ನಿಮಿಷ ಬಿಟ್ಟು ಮತ್ತೆ ಅಳೆದು, ಆಗಲೂ ಅಷ್ಟೇ ಇದ್ದರೆ ಏಳು ದಿನ ಕಾಯದೆ ಅಂದೇ ವೈದ್ಯರನ್ನು ಸಂಪರ್ಕಿಸಬೇಕು. ಬೇರೆಯವರ ಮಾತ್ರೆಯನ್ನು ನಾಲಿಗೆಯಡಿ ಇಟ್ಟುಕೊಂಡು ಥಟ್ಟನೆ ಇಳಿಸುವ ಪ್ರಯತ್ನ ಬೇಡ. ಒತ್ತಡ ಒಮ್ಮೆಲೇ ಕುಸಿದರೆ ಮಿದುಳಿಗೆ ರಕ್ತ ಸಾಲದೆ ಹೋಗುತ್ತದೆ.

ಯಾರ ಬಳಿ ಹೋಗಬೇಕು? ಹೆಚ್ಚಿನವರಿಗೆ ಕುಟುಂಬ ವೈದ್ಯರು ಅಥವಾ ಜನರಲ್ ಫಿಸಿಷಿಯನ್ ಸಾಕು, ಹೃದಯತಜ್ಞರೇ ಬೇಕೆಂದಿಲ್ಲ. ತರಬೇತಿ ಪಡೆದು, ಬರೆಯುವ ಅಧಿಕಾರವಿದ್ದು, ವೈದ್ಯರ ಮೇಲ್ವಿಚಾರಣೆ ಇರುವಲ್ಲಿ ನರ್ಸ್ ಮತ್ತು ಫಾರ್ಮಸಿಸ್ಟರೂ ಬಿಪಿ ಔಷಧಿ ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಹೇಳುತ್ತದೆ. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ, ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ಹೇಗಿದೆಯೆಂದು ತೋರಿಸುವ ರಕ್ತದ ಅಂಶ) ಏರಿದ್ದರೆ ಮೂತ್ರಪಿಂಡ ತಜ್ಞರು ಬೇಕಾಗಬಹುದು. ತೀರಾ ಚಿಕ್ಕ ವಯಸ್ಸು, ಕಾರಣವಿಲ್ಲದೆ ಇಳಿದ ಪೊಟ್ಯಾಸಿಯಂ, ಮೂತ್ರವರ್ಧಕ ಸೇರಿ ಮೂರು ಮಾತ್ರೆ ಸರಿಯಾಗಿ ನುಂಗಿದರೂ ಇಳಿಯದ ಬಿಪಿ, ಇಂಥದ್ದರಲ್ಲಿ ಮೂಲ ಕಾರಣ ಹುಡುಕುವ ತಜ್ಞರು ಬೇಕು. ಬಸುರಿಯಾಗಿದ್ದರೆ, ಆಗುವ ಯೋಚನೆಯಿದ್ದರೆ ಅದನ್ನು ಮೊದಲ ಮಾತಾಗಿ ಹೇಳಬೇಕು. ರಾಮಿಪ್ರಿಲ್, ಎನಲಾಪ್ರಿಲ್ ಇರುವ ಗುಂಪು, ಟೆಲ್ಮಿಸಾರ್ಟನ್, ಲೊಸಾರ್ಟನ್ ಇರುವ ಗುಂಪು, ಈ ಎರಡೂ ಗುಂಪಿನ ಬಿಪಿ ಮಾತ್ರೆಗಳು ಹೊಟ್ಟೆಯಲ್ಲಿರುವ ಮಗುವಿಗೆ ಹಾನಿಕರ.

ಫೋನಿನಲ್ಲಿ ನಾನು ಕೇಳುವುದು ಮೂರೇ ಮಾತು. ಬಿಪಿ ಮಾತ್ರೆ ಹೊಸದಾಗಿ ಶುರು ಮಾಡಿ ಪ್ರಮಾಣ ಸರಿಪಡಿಸುತ್ತಾರೆಯೇ, ಅಥವಾ ಬೇರೆಯವರು ಬರೆದದ್ದನ್ನು ಮುಂದುವರಿಸುವುದಷ್ಟೇ? ತಿಂಗಳೊಳಗೆ ಅವರೇ ಸಿಗುತ್ತಾರೆಯೇ? ನಡುವೆ ತಲೆಸುತ್ತು ಬಂದರೆ ಯಾರಿಗೆ ಹೇಳಬೇಕು? ಮೂರನೆಯದಕ್ಕೆ ಉತ್ತರ ತಡವರಿಸಿದರೆ ನಾನು ಮುಂದಿನ ಸಂಖ್ಯೆಗೆ ಹೋಗುತ್ತೇನೆ. ವಿಡಿಯೊ ಕರೆಯ ವೈದ್ಯರೂ ಆಗಬಹುದು, ಆದರೆ ಅಳತೆ ನಿಮ್ಮದು, ರಕ್ತಪರೀಕ್ಷೆಯ ಏರ್ಪಾಡೂ ನಿಮ್ಮದು. ಪರೀಕ್ಷೆಯನ್ನೇ ಕೇಳದೆ ಮೂರು ನಿಮಿಷದಲ್ಲಿ ಚೀಟಿ ಕಳಿಸುವ ಸೇವೆಯನ್ನು ನಾನು ನಂಬುವುದಿಲ್ಲ.

ಭೇಟಿಗೆ ಹೋಗುವಾಗ ಬರೆದಿಟ್ಟ ಅಳತೆಗಳು, ಯಂತ್ರ, ಹಳೆಯ ವರದಿಗಳು, ಜತೆಗೆ ನುಂಗುವ ಎಲ್ಲದರ ಖಾಲಿ ಸ್ಟ್ರಿಪ್ಪುಗಳು ಚೀಲದಲ್ಲಿರಬೇಕು. 'ಎಲ್ಲದರ' ಎಂದರೆ ಔಷಧಿ ಎಂದು ಲೆಕ್ಕಕ್ಕೇ ಹಿಡಿಯದವೂ ಸೇರಿ. ಮಂಡಿನೋವಿನ ಐಬುಪ್ರೊಫೆನ್, ಡೈಕ್ಲೊಫೆನಾಕ್, ಮೂಗು ಬಿಡಿಸುವ ಸ್ಯೂಡೊಎಫಿಡ್ರಿನ್, ಗರ್ಭನಿರೋಧಕ ಗುಳಿಗೆ, ಸ್ಟೀರಾಯ್ಡ್, ಜ್ಯೇಷ್ಠಮಧು ಇರುವ ಪುಡಿ, ಇವೆಲ್ಲ ಬಿಪಿ ಏರಿಸಬಲ್ಲವು. ಇವುಗಳಲ್ಲೊಂದನ್ನು ನಿಲ್ಲಿಸಿದರೆ ಬಿಪಿಗೆ ಹೊಸ ಮಾತ್ರೆಯೇ ಬೇಕಾಗದೆಯೂ ಇರಬಹುದು. ಆಸ್ತಮಾ, ಗೌಟ್ ಎಂಬ ಕೀಲುನೋವು, ಸಕ್ಕರೆ ಕಾಯಿಲೆ, ಜೋರು ಗೊರಕೆ ಇದ್ದರೆ ಅವನ್ನೂ ಹೇಳಬೇಕು. ಯಾವ ಮಾತ್ರೆ ಎಂಬ ಆಯ್ಕೆ ಇವುಗಳ ಮೇಲೆ ನಿಂತಿರುತ್ತದೆ. ಯಂತ್ರವನ್ನು ಅವರ ಯಂತ್ರದ ಜತೆ ಅಲ್ಲೇ ಹೋಲಿಸಿಬಿಡಬಹುದು.

ಪರೀಕ್ಷೆಗಳಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್, ಸಕ್ಕರೆ, ಕೊಲೆಸ್ಟ್ರಾಲ್, ಮೂತ್ರ, ಇಸಿಜಿ ಇರುತ್ತವೆ. ಇವುಗಳಿಗಾಗಿ ಮಾತ್ರೆ ಶುರು ಮಾಡುವುದನ್ನು ಬಹಳ ಮುಂದೂಡಬೇಕಿಲ್ಲ. ಚೀಟಿಯಲ್ಲಿ ಔಷಧದ ಮೂಲ ಹೆಸರು, ಮಿಲಿಗ್ರಾಂ, ಹೊತ್ತು, ಎಷ್ಟು ದಿನಕ್ಕೆ ಎಂಬುದು ಓದಲು ಬರುವಂತಿರಲಿ. 'ಮರೆತರೆ ಏನು ಮಾಡಲಿ' ಎಂದೂ ಅಲ್ಲೇ ಕೇಳಿ ಬರೆದುಕೊಳ್ಳುವುದು.

ನಾಲ್ಕನೇ ವಾರ ಬರುವ ಮೊದಲೇ ಬಹಳ ಜನ ಹಾದಿ ತಪ್ಪುತ್ತಾರೆ. ಆಮ್ಲೋಡಿಪಿನ್ ಎಂಬ ಬಿಪಿ ಮಾತ್ರೆ ಪೂರ್ತಿ ಕೆಲಸಕ್ಕಿಳಿಯಲು ವಾರ ಎರಡು ವಾರ ಬೇಕು. ಮೂರನೇ ದಿನಕ್ಕೇ 'ಇದು ನಾಟಲಿಲ್ಲ' ಎಂದು ವೈದ್ಯರನ್ನು ಬದಲಿಸಿದರೆ ಹೊಸಬರು ಮತ್ತೆ ಒಂದರಿಂದ ಎಣಿಸುತ್ತಾರೆ. ಅದೇ ಮಾತ್ರೆಯಿಂದ ಪಾದ ಊದಬಹುದು, ರಾಮಿಪ್ರಿಲ್ ಗುಂಪಿನಿಂದ ಒಣಕೆಮ್ಮು ಬರಬಹುದು. ಕಾರಣ ತಿಳಿಯದವರು ಕೆಮ್ಮಿಗೆ ಸಿರಪ್, ಊತಕ್ಕೆ ಇನ್ನೊಂದು ಮಾತ್ರೆ ಎಂದು ಸೇರಿಸುತ್ತಾ ಹೋಗುತ್ತಾರೆ, ಬದಲಿಸಬೇಕಾದದ್ದು ಮೂಲ ಮಾತ್ರೆಯನ್ನೇ. ತುಟಿ, ನಾಲಿಗೆ, ಮುಖ ಊದಿದರೆ ಮಾತ್ರ ಭೇಟಿಗೆ ಕಾಯದೆ ತುರ್ತು ವಿಭಾಗಕ್ಕೆ ಓಡಬೇಕು. ರಾಮಿಪ್ರಿಲ್ ಗುಂಪಿನದ್ದೋ ಟೆಲ್ಮಿಸಾರ್ಟನ್ ಗುಂಪಿನದ್ದೋ ಶುರುವಾದ ಒಂದರಿಂದ ನಾಲ್ಕು ವಾರದಲ್ಲಿ ಕ್ರಿಯಾಟಿನಿನ್, ಪೊಟ್ಯಾಸಿಯಂ ಮತ್ತೆ ನೋಡಿಸಬೇಕು. ಈ ಎರಡು ಗುಂಪಿನ ಮಾತ್ರೆಗಳನ್ನು ಒಟ್ಟಿಗೆ ಕೊಡುವುದಿಲ್ಲ. ಇಬ್ಬರು ವೈದ್ಯರ ಚೀಟಿ ಸೇರಿದಾಗ ಆ ತಪ್ಪು ನುಸುಳುತ್ತದೆ.

ಅಂಕ ಗುರಿಗೆ ಬರುವವರೆಗೆ ತಿಂಗಳಿಗೊಮ್ಮೆ, ಬಂದ ಮೇಲೆ ಮೂರರಿಂದ ಆರು ತಿಂಗಳಿಗೊಮ್ಮೆ ಭೇಟಿ. ಮಾತ್ರೆ ಮುಗಿಯಲು ಹತ್ತು ದಿನ ಇರುವಾಗಲೇ ಹೊಸ ಚೀಟಿ ಕೇಳುವುದು ಒಳ್ಳೆಯದು, ಅದರಲ್ಲೂ ಅಟೆನೊಲಾಲ್, ಮೆಟೊಪ್ರೊಲಾಲ್, ಕ್ಲೊನಿಡಿನ್ ನುಂಗುವವರು. ಇವನ್ನು ಥಟ್ಟನೆ ನಿಲ್ಲಿಸಿದರೆ ಬಿಪಿ, ನಾಡಿ ಎರಡೂ ಪುಟಿದೇಳಬಹುದು. ವೈದ್ಯರನ್ನು ಬದಲಿಸಲೇಬೇಕಾದರೆ ಹಳೆಯವರಿಂದ ಮಾತ್ರೆಗಳ ಪಟ್ಟಿಯ ಜತೆಗೆ ಯಾವುದನ್ನು ಯಾಕೆ ಬಿಟ್ಟರು ಎಂಬುದನ್ನೂ ಬರೆಸಿಕೊಳ್ಳಬೇಕು. 'ರಾಮಿಪ್ರಿಲ್, ಕೆಮ್ಮು' ಎಂಬ ಎರಡು ಪದ ಇಲ್ಲದಿದ್ದರೆ ಹೊಸಬರು ಮೊದಲು ಬರೆಯುವುದು ಅದನ್ನೇ ಆಗಬಹುದು.